ಸಿಂಹವನ್ನು ಅದರ ಊರಿಗೆ ಬಿಟ್ಟು ಬರಲು ಹೋದದ್ದು

ಜೇವರ್ಗಿ ಕಾಲೋನಿ

ಚೀನಾಕ್ಕೆ ಹೋದವರು ಅಲ್ಲಿಂದ ಏನಾದರೂ ತರುತ್ತಾರೆ. ನಾನು ಇಲ್ಲಿಂದ ಒಯ್ದೆ. ಒಂದು ಗೇಣು ಎತ್ತರದ, ಮೂರು ಕಿಲೋ ತೂಗುವ ಹಿತ್ತಾಳೆಯ ಸಿಂಹವನ್ನು ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಖಡಕ್ ರೊಟ್ಟಿಯ ಡಬ್ಬಿಯ ಪಕ್ಕಕ್ಕೆ ತುರುಕಿಕೊಂಡು ಹೊರಟೆ. ಅದನ್ನು ಅದರ ಊರಿನಲ್ಲೇ ಬಿಟ್ಟು ಬಾ ಎಂಬುದು ಅವ್ವನ ಅಪ್ಪಣೆ. ಕಾಟ ಕೊಡುವ ಬೆಕ್ಕನ್ನು ಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರುತ್ತಾರಲ್ಲ, ಹಾಗೆ.

ಹೋಗುವ ನೆಪ ಬೇರೆಯೇ ಇತ್ತು. ನಮ್ಮ ಮನೆಯವರದು ಟೈಲ್ಸ್ ಅಂಗಡಿ. ಚೀನಾದ ಫೋಶಾನ್ ಎಂಬ ಊರಿನ ಕಾರ್ಖಾನೆಯೊಂದು ಮಾಲು ನೋಡಲು ಕರೆದಿತ್ತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಚೀನಾದ ಮಹಾಗೋಡೆಯನ್ನು ಇಪ್ಪತ್ತು ವರ್ಷದಿಂದ ಕರಿಹಲಗೆಯ ಮೇಲೆ ಕಟ್ಟುತ್ತಾ ಬಂದಿದ್ದೇನೆ, ಒಮ್ಮೆ ನಿಜವಾದದ್ದನ್ನು ನೋಡೋಣವೆಂದು ಬೆನ್ನು ಹತ್ತಿದೆ. ಗೋಡೆ ಉತ್ತರದಲ್ಲಿ, ಫೋಶಾನ್ ದಕ್ಷಿಣದಲ್ಲಿ ಎಂದು ಹೊಳೆದದ್ದು ವಿಮಾನ ಇಳಿದ ಮೇಲೆ. ಭೂಗೋಳವನ್ನೂ ನಾನೇ ಕಲಿಸುತ್ತೇನೆ ಎಂಬ ಸಂಗತಿಯನ್ನು ಓದುಗರು ದಯವಿಟ್ಟು ಮರೆಯಬೇಕು.

ಈಗ ಸಿಂಹದ ಕಥೆ. ನನ್ನ ಅಜ್ಜ ನಿಜಾಮರ ಕಾಲದಲ್ಲಿ ಕಮಲಾಪುರದ ಕಡೆಯ ಜಾಗೀರದಾರರೊಬ್ಬರ ಬಂಗಲೆಯಲ್ಲಿ ಮುನ್ಶಿಯಾಗಿದ್ದ. ಜಾಗೀರದಾರರು ಬಂಗಲೆ ಬಿಟ್ಟು ಹೈದರಾಬಾದಿಗೆ ಹೊರಟಾಗ ಬಾಗಿಲ ಬಳಿಯ ಎರಡು ಚೀನೀ ಸಿಂಹಗಳನ್ನು ಅಜ್ಜನಿಗೆ ಕೊಟ್ಟು ಹೋದರು. ಸಿಂಹ ಎನ್ನುವುದು ಮರ್ಯಾದೆಯ ಮಾತು. ಗುಂಗುರು ಕೂದಲು, ಚಪ್ಪಟೆ ಮೂಗು, ಹಲ್ಲು ಕಿರಿದ ಬಾಯಿ. ಸಾಹುಕಾರರ ಮನೆಯ ಕೊಬ್ಬಿದ ನಾಯಿಯ ಕಳೆ. ಒಂದರ ಪಂಜದ ಕೆಳಗೆ ಚೆಂಡು. ಇನ್ನೊಂದರ ಪಂಜದ ಕೆಳಗೆ ಅಂಗಾತ ಬಿದ್ದ ಸಣ್ಣ ಮರಿ.

ನನಗೆ ಆರು ವರ್ಷವಿದ್ದಾಗ ಅಪ್ಪ ಮತ್ತು ದೊಡ್ಡಪ್ಪ ಪಾಲಾದರು. ಹೊಲ ಎರಡು, ಹಂಡೆ ಎರಡು, ಸಿಂಹ ಎರಡು. ಲೆಕ್ಕ ಸರಿಯಾಯಿತು ಎಂದು ಹಿರಿಯರು ಚಹಾ ಕುಡಿದು ಎದ್ದರು. ಚೆಂಡಿನ ಸಿಂಹ ಕಮಲಾಪುರದಲ್ಲಿ ದೊಡ್ಡಪ್ಪನ ಹತ್ತಿರ ಉಳಿಯಿತು. ಮರಿಯದು ಅಪ್ಪನ ಜೊತೆ ಕಲಬುರಗಿಗೆ ಬಂತು. ಅವ್ವ ಆಗ ತುಂಬಿದ ಬಸುರಿ. ಎರಡು ತಿಂಗಳಿಗೆ ನನಗೊಬ್ಬ ತಮ್ಮ ಹುಟ್ಟಿದ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿಬಿಟ್ಟ. ತಾಯಿಯ ಹಾಲು ಸಾಲಲಿಲ್ಲ ಎಂದು ಓಣಿಯ ಹೆಂಗಸರು ಅವ್ವನ ಮೇಲೆ ಹಾಕಿದರು. ಅವ್ವ ಅದನ್ನು ಎತ್ತಿ ಸಿಂಹದ ಮೇಲೆ ಹಾಕಿದಳು. ಕೂಸನ್ನು ತುಳಿದು ಕೊಲ್ಲುವ ಸಿಂಹ ಮನೆಯಲ್ಲಿದ್ದರೆ ಇನ್ನೇನಾದೀತು? ಅಂಥದ್ದನ್ನು ಬಸುರಿ ಇರುವ ಮನೆಗೆ ಬೇಕೆಂದೇ ದಾಟಿಸಿದವನು ಯಾರು? ದೊಡ್ಡಪ್ಪ. ಅವತ್ತಿನಿಂದ ನಲವತ್ತು ವರ್ಷ ಅವ್ವ ಆತನ ಜೊತೆ ಒಂದು ಮಾತು ಆಡಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡಾಗ ದೊಡ್ಡಪ್ಪ ಬಂದ, ಹೆಗಲು ಕೊಟ್ಟ, ನಮ್ಮ ಮನೆಯ ಒಂದು ಗುಟುಕು ನೀರೂ ಕುಡಿಯದೆ ಹೋದ.

ಅಪ್ಪ ಇರುವ ತನಕ ಸಿಂಹವನ್ನು ಹೊರಹಾಕಲು ಬಿಟ್ಟಿರಲಿಲ್ಲ. ಅವ್ವ ಅದನ್ನು ಬಚ್ಚಲ ಬಳಿ ಇಟ್ಟಿದ್ದಳು. ಪ್ರತಿ ವರ್ಷ ದಸರೆಗೆ ಮುಂಚೆ ಮನೆಯ ತಾಮ್ರ, ಹಿತ್ತಾಳೆಯ ಜೊತೆ ಅದಕ್ಕೂ ಹುಣಸೆಹಣ್ಣು, ಉಪ್ಪು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ತಂಬಿಗೆಯನ್ನು ತಿಕ್ಕಿದ ಹಾಗಲ್ಲ, ಹಳೆಯ ಸೇಡು ತೀರಿಸಿಕೊಳ್ಳುವ ಹಾಗೆ. ಹೀಗಾಗಿ ನಮ್ಮ ಓಣಿಯಲ್ಲೇ ಅಷ್ಟು ಫಳಫಳ ಹೊಳೆಯುವ ಪ್ರಾಣಿ ಇನ್ನೊಂದಿರಲಿಲ್ಲ.

ಚೀನಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಅವ್ವ ಎದ್ದು ಕುಳಿತಳು.

"ಈ ಮಾರಿನ್ನ ತಗೊಂಡ್ ಹೋಗಿ ಅದರ ಊರಾಗೇ ಬಿಟ್ಟು ಬಾ."

"ಇಲ್ಲೇ ಗುಜರಿಗಿ ಹಾಕಿದ್ರ ಆಗಲ್ದೇನು?" ಎಂದೆ.

"ಹಿರಿಯಾರ ಸಾಮಾನು ಗುಜರಿಗಿ ಹಾಕ್ತಾರೇನು? ಮಂದಿಗಿ ಕೊಟ್ರ ಅವರ ಕೂಸಿಗಿ ಗಂಡಾಂತರ. ಅದರ ಊರಾಗ ಅದಕ್ಕ ಯಾರಾದ್ರೂ ಬಳಗದೋರು ಇರ್ತಾರ, ನೋಡ್ಕೋತಾರ."

ಹೈದರಾಬಾದ್ ವಿಮಾನ ನಿಲ್ದಾಣ

ತಪಾಸಣೆಯ ಯಂತ್ರ ನಮ್ಮ ಚೀಲವನ್ನು ನುಂಗಿ ಅಲ್ಲೇ ನಿಂತುಬಿಟ್ಟಿತು. ಅಧಿಕಾರಿ ಚೀಲ ತೆಗೆಸಿ, ಸೀರೆಯ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದ. ದ್ರೌಪದಿಯ ನೆನಪಾಗಿ ನಾನು ಬೇರೆ ಕಡೆ ನೋಡಿದೆ.

"ಯೇ ಕ್ಯಾ ಹೈ?"

"ಚೀನಾ ಕಾ ಶೇರ್ ಹೈ ಸಾಬ್," ಎಂದರು ನಮ್ಮ ಮನೆಯವರು. ಭಯವಾದಾಗ ಅವರ ಬಾಯಿಯಿಂದ ಸತ್ಯ ತಾನಾಗಿ ಬರುತ್ತದೆ.

"ಚೀನಾ ಕೋ ಚೀನಾ ಕಾಚ್ ಮಾಲ್ ಲೇಕೆ ಜಾರೇ?" ಎಂದು ಅಧಿಕಾರಿ ಪಕ್ಕದವನನ್ನೂ ಕರೆದು ತೋರಿಸಿದ. ಚೀನಾದ್ದೇ ಮಾಲನ್ನು ಚೀನಾಕ್ಕೆ ಒಯ್ಯುವ ಗಿರಾಕಿಗಳನ್ನು ಅವರಿಬ್ಬರೂ ಅಲ್ಲಿಯ ತನಕ ಕಂಡಿರಲಿಲ್ಲ. ಮನಸಾರೆ ನಕ್ಕು, ಎಲ್ಲೋ ಹೋದ ವಾರ ಕೊಂಡ ಆಟದ ಸಾಮಾನು ಎಂದುಕೊಂಡು ಬಿಟ್ಟುಬಿಟ್ಟರು. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಸುಮ್ಮಸುಮ್ಮನೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ ಎಂಬ ಕಾನೂನಿರುವುದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಪೌರನೀತಿಯನ್ನೂ ನಾನೇ ಕಲಿಸುತ್ತೇನೆ.

ಗುವಾಂಗ್‌ಝೌನಲ್ಲಿ ಇಳಿದಾಗ ಅಲ್ಲಿಯ ಅಧಿಕಾರಿಣಿ ಸಿಂಹವನ್ನು ತಿರುಗಿಯೂ ನೋಡಲಿಲ್ಲ. ಅವಳ ಸಂಶಯವೆಲ್ಲ ರೊಟ್ಟಿಯ ಮೇಲೆ. ಒಂದನ್ನು ಎತ್ತಿ ಮೇಜಿಗೆ ಬಡಿದಳು, ಟಣ್ ಎಂದಿತು. ಬೆಳಕಿಗೆ ಹಿಡಿದು ನೋಡಿದಳು. ಮನೆಯವರು ತಮ್ಮ ಕೋಟಿನ ಕಿಸೆಯಿಂದ ಟೈಲ್ಸ್ ಅಂಗಡಿಯ ಕಾರ್ಡು ತೆಗೆದುಕೊಟ್ಟರು. ಅವಳಿಗೆ ಎಲ್ಲ ಅರ್ಥವಾದ ಹಾಗೆ ತಲೆಯಾಡಿಸಿ, ಮಾದರಿ ತುಣುಕು ಎಂದು ನಂಬಿ ವಾಪಸ್ಸು ಇಟ್ಟಳು. ನಾನೂ ತಿದ್ದಲು ಹೋಗಲಿಲ್ಲ.

ಗುವಾಂಗ್‌ಝೌ

ಈ ಜನ ಬಿಸಿನೀರು ಕುಡಿಯುತ್ತಾರೆ. ಸೆಖೆಯಲ್ಲಿ ಬೆವರು ಸುರಿಯುತ್ತಿದ್ದರೂ ಹೊಗೆಯಾಡುವ ನೀರು. ನಮ್ಮಲ್ಲಿ ಜ್ವರ ಬಂದವರಿಗೆ ಮಾತ್ರ ಕೊಡುವ ಈ ಸತ್ಕಾರ ಅಲ್ಲಿ ಎಲ್ಲರಿಗೂ ಸಿಗುತ್ತದೆ. ಇನ್ನೊಂದು ಅಭ್ಯಾಸ ಮಾತ್ರ ನನಗೆ ಬಹಳ ಹಿಡಿಸಿತು. ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯವರು ಗಲ್ಲೆಯ ಹಿಂದೆ ಮಡಚುವ ಮಂಚ ಬಿಡಿಸಿ ಮಲಗುತ್ತಾರೆ, ಗಿರಾಕಿ ಬಂದರೆ ಬರಲಿ. ನಮ್ಮ ಮನೆಯವರು ಇದನ್ನು ಭಕ್ತಿಯಿಂದ ನೋಡಿದರು. ಅವರು ಇದೇ ಕೆಲಸವನ್ನು ಕಲಬುರಗಿಯಲ್ಲಿ ಕುರ್ಚಿಯ ಮೇಲೆ ಕುಳಿತು, ಕದ್ದು ಮಾಡುತ್ತಾ ಬಂದಿದ್ದಾರೆ.

ಸಿಂಹವನ್ನು ಬಿಡುವ ಮೊದಲ ಪ್ರಯತ್ನ ಹೋಟೆಲಿನಲ್ಲಿ ನಡೆಯಿತು. ಬೀರುವಿನ ಮೂಲೆಯಲ್ಲಿಟ್ಟು, ಬಾಗಿಲು ಮುಚ್ಚಿ, ಕೋಣೆ ಖಾಲಿ ಮಾಡಿದೆವು. ಟ್ಯಾಕ್ಸಿ ಇನ್ನೇನು ಹೊರಡಬೇಕು, ಸ್ವಾಗತದ ಮೇಜಿನ ಹುಡುಗಿ ಓಡಿ ಬಂದಳು. ಸಿಂಹವನ್ನು ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ ಕೊಟ್ಟಳು. ಮೇಲೆ ಒಂದು ಮುಷ್ಟಿ ಪೆಪ್ಪರಮಿಂಟು ಬೇರೆ.

ಎರಡನೆಯ ಪ್ರಯತ್ನ ಒಂದು ಉದ್ಯಾನದಲ್ಲಿ. ಅಲ್ಲಿ ಮುದುಕರು ಬೆಳಿಗ್ಗೆ ಹಿಮ್ಮುಖವಾಗಿ ನಡೆಯುತ್ತಾರೆ, ಮಂಡಿಗೆ ಒಳ್ಳೆಯದಂತೆ. ಸಿಂಹವನ್ನು ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರು ತಾಯಿ, ನಿನ್ನ ಊರು ಇದೇ," ಎಂದು ಹೇಳಿ ಎದ್ದೆ. ಹಿಂದೆ ಹಿಂದೆ ನಡೆಯುತ್ತಿದ್ದ ಎಪ್ಪತ್ತರ ಮುದುಕನೊಬ್ಬ ಬೆಂಚಿಗೆ ಬಡಿದುಕೊಂಡು ಅದನ್ನು ಕಂಡ. ಈಗ ಸರಿಯಾದ ದಿಕ್ಕಿಗೆ ತಿರುಗಿ ಓಡಿ ಬಂದು ಗೇಟಿನ ಬಳಿ ನನ್ನನ್ನು ಹಿಡಿದ. ಸಿಂಹವನ್ನು ಕೈಗಿಟ್ಟು, ಚಿಲ್ಲರೆ ಇಲ್ಲದ ಪ್ರಯಾಣಿಕರನ್ನು ನಮ್ಮ ಕಂಡಕ್ಟರು ಬೈಯುವ ಹಾಗೆ ಬೈದ. ನಾನು ಕಲಬುರಗಿಯ ಬಸ್ ನಿಲ್ದಾಣವನ್ನು ನೆನೆದು ನಿಟ್ಟುಸಿರಿಟ್ಟೆ. ಅಲ್ಲಾಗಿದ್ದರೆ ನನ್ನ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

"ಇದು ನಿನ್ನ ಬಿಡಾಂಗ ಕಾಣಲ್ಲ," ಎಂದರು ಮನೆಯವರು ಪೆಪ್ಪರಮಿಂಟು ಚೀಪುತ್ತಾ.

ಫೋಶಾನ್

ಟೈಲ್ಸ್ ಕಾರ್ಖಾನೆಯವರು ನಮಗೆ ದುಭಾಷಿಯಾಗಿ ಲಿನ್ ಎಂಬ ಹೆಂಗಸನ್ನು ಕೊಟ್ಟಿದ್ದರು. ನನ್ನದೇ ವಯಸ್ಸು, ನನ್ನಷ್ಟೇ ಇಂಗ್ಲಿಷು, ಹೀಗಾಗಿ ಒಬ್ಬರಿಗೊಬ್ಬರು ಚೆನ್ನಾಗಿ ತಿಳಿಯುತ್ತಿದ್ದೆವು. ಸಿಂಹದ ಸಂಗತಿಯನ್ನು ಅವಳಿಗೆ ಹೇಳಿದೆ, ಅವ್ವನ ಶಾಪದ ಭಾಗವನ್ನು ಬಿಟ್ಟು. ಹಳೆಯ ಸಾಮಾನಿನ ಓಣಿಯೊಂದಿದೆ, ಯಾರಾದರೂ ಇಟ್ಟುಕೊಂಡಾರು ಎಂದು ಕರೆದೊಯ್ದಳು.

ಓಣಿಯ ತುಂಬ ಪ್ರಾಣಿಗಳು. ಕಲ್ಲು, ಕಂಚು, ಪಿಂಗಾಣಿ, ಮರ. ಆಮೆ ಎಂದರೆ ದೀರ್ಘಾಯುಷ್ಯ, ಕೊಕ್ಕರೆ ಎಂದರೂ ದೀರ್ಘಾಯುಷ್ಯ. ಆನೆ ಶಾಂತಿ. ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ ವ್ಯಾಪಾರಕ್ಕೆ. ಯಾವ ಪ್ರಾಣಿಗೂ ಅಲ್ಲಿ ಸುಮ್ಮನೆ ಪ್ರಾಣಿಯಾಗಿರುವ ಸ್ವಾತಂತ್ರ್ಯವಿಲ್ಲ. ಎಲ್ಲಕ್ಕೂ ಒಂದೊಂದು ಖಾತೆ ಹಂಚಿದ್ದಾರೆ.

ನಮ್ಮ ಮನೆಯವರು ಒಂದರ ಮುಂದೆ ಕಾಲು ಕೀಳದೆ ನಿಂತರು. ಪಿಶಿಯೂ ಎಂದು ಅದರ ಹೆಸರು. ರೆಕ್ಕೆಯಿರುವ, ಹೊಟ್ಟೆಬಾಕ ಮೃಗ. ಬಂಗಾರ, ಬೆಳ್ಳಿ ಮಾತ್ರ ತಿನ್ನುತ್ತದೆ, ಮತ್ತು ಅದಕ್ಕೆ ಹಿಂದೆ ದ್ವಾರವೇ ಇಲ್ಲ. ಒಳಗೆ ಹೋದದ್ದು ಹೊರಗೆ ಬರುವ ಪ್ರಶ್ನೆಯಿಲ್ಲ, ಅದಕ್ಕೇ ಅಂಗಡಿಕಾರರು ಇಟ್ಟುಕೊಳ್ಳುತ್ತಾರೆ ಎಂದಳು ಲಿನ್, ಸ್ವಲ್ಪ ನಾಚಿ. ಮನೆಯವರು ಅದನ್ನು ಎತ್ತಿ, ತಿರುಗಿಸಿ, ಕನ್ನಡಕ ಹಾಕಿಕೊಂಡು ಪರೀಕ್ಷಿಸಿದರು.

"ಖರೇ ಐತಿ ನೋಡು, ಏನೂ ಇಲ್ಲ!" ಎಂದರು. ಇಡೀ ಪ್ರವಾಸದಲ್ಲಿ ಅವರು ಇಷ್ಟು ಆಸಕ್ತಿಯಿಂದ ನೋಡಿದ ಕಲಾಕೃತಿ ಇದೊಂದೇ.

ಓಣಿಯ ಕೊನೆಯ ಅಂಗಡಿಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬಳು ಬಿಸಿನೀರು ಕುಡಿಯುತ್ತಾ ಕುಳಿತಿದ್ದಳು. ನಾನು ಸೀರೆ ಬಿಚ್ಚಿ ಸಿಂಹವನ್ನು ಮುಂದಿಟ್ಟೆ. ಅಜ್ಜಿ ಮೊದಲು ಮುಖ ತಿರುಗಿಸಿದಳು. ಹೊಸದು, ಹೋದ ವಾರ ಎರಕ ಹೊಯ್ದದ್ದು ಎಂದಳಂತೆ. ಆಮೇಲೆ ಏನೋ ಅನುಮಾನ ಬಂದು ಮಗುಚಿ, ಹೊಟ್ಟೆಯ ಒಳಭಾಗಕ್ಕೆ ಬ್ಯಾಟರಿ ಬಿಟ್ಟಳು. ಅಲ್ಲಿಗೆ ಅವ್ವನ ಕೈ ಹೋಗಿರಲಿಲ್ಲ. ಕಪ್ಪುಗಂದು ಬಣ್ಣ, ಹಳೆಯ ಬೆಲ್ಲದ ಹಾಗೆ, ಇನ್ನೂ ಉಳಿದಿತ್ತು. ಅಜ್ಜಿ ನನ್ನನ್ನು ನೋಡಿದಳು. ಮೇಲಿನ ಬಣ್ಣ ಎಲ್ಲಿ ಹೋಯಿತು ಎಂದು ಲಿನ್ ಕೇಳಿದಳು.

"ನಮ್ಮ ತಾಯಿ ತೊಳೆದಳು."

"ಯಾವುದರಿಂದ?"

ಹುಣಸೆಹಣ್ಣು, ಉಪ್ಪು, ಬೂದಿ. ಎಷ್ಟು ಸಲ? ವರ್ಷಕ್ಕೊಮ್ಮೆ, ನಲವತ್ತು ವರ್ಷ. ಲಿನ್ ಅದನ್ನು ಹೇಳಿದಾಗ ಅಜ್ಜಿ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡಳು. ನಮ್ಮ ಕಡೆ ಸಾವಿನ ಸುದ್ದಿ ಬಂದಾಗ ಇಟ್ಟುಕೊಳ್ಳುವ ಹಾಗೆಯೇ. ಆ ಕಪ್ಪು ಕೊಳೆಯಲ್ಲವಂತೆ, ಅದು ವಸ್ತುವಿನ ವಯಸ್ಸಂತೆ. ಕಾಲ ಒಂದೊಂದೇ ಪದರ ಹಚ್ಚಿದ್ದನ್ನು ನಿಮ್ಮ ತಾಯಿ ಉಜ್ಜಿ ಬಚ್ಚಲಿಗೆ ಚೆಲ್ಲಿದಳು ಎಂದಳು. ಇನ್ನು ಮೇಲಾದರೂ ಯಾವ ಹಳೆಯ ಹಿತ್ತಾಳೆಯನ್ನೂ ತೊಳೆಯುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಳು. ನಾನು ಕೊಟ್ಟೆ.

"ಇದರ ಗಂಡ ಎಲ್ಲಿ?" ಎಂದು ಕೇಳಿದಳು ಆಮೇಲೆ.

ನಾನು ಬಿದ್ದುಹೋಗುವುದೊಂದು ಬಾಕಿ. ಅಜ್ಜಿ ವಿವರಿಸಿದಳು. ಚೆಂಡು ಹಿಡಿದದ್ದು ಗಂಡು, ಹೊರಗಿನ ಲೋಕ ಕಾಯುವವನು. ಮರಿಯದು ಹೆಣ್ಣು, ಒಳಗಿನ ಮನೆ ಕಾಯುವವಳು. ಬಾಗಿಲಿನ ಎರಡು ಬದಿ ಇಬ್ಬರೂ ಇರಬೇಕು, ಒಂಟಿ ಸಿಂಹವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ತಾನೂ ಇಟ್ಟುಕೊಳ್ಳಲಾರೆ ಎಂದಳು. ಗಂಡ ಕಮಲಾಪುರದಲ್ಲಿದ್ದಾನೆ, ಪಾಲಿನಲ್ಲಿ ಹಾಗಾಯಿತು ಎಂದೆ. ಗಂಡ ಹೆಂಡತಿಯನ್ನು ಇಬ್ಬರು ಅಣ್ಣತಮ್ಮಂದಿರು ಸಮಪಾಲು ಮಾಡಿಕೊಂಡರು ಎಂಬುದನ್ನು ಲಿನ್ ಎರಡು ಸಲ ಹೇಳಬೇಕಾಯಿತು. ಅಜ್ಜಿ ನಂಬಲಿಲ್ಲ.

"ಆದರೆ ಇವಳು ಮರಿಯನ್ನು ತುಳಿದು ಕೊಲ್ಲುತ್ತಿದ್ದಾಳಲ್ಲ, ಯಾಕೆ?" ಎಂದು ಕೇಳಿದೆ.

ಅಜ್ಜಿ ನನ್ನ ಕೈ ಹಿಡಿದು, ನನ್ನ ತೋರುಬೆರಳನ್ನು ಪಂಜದ ಕೆಳಗೆ ಒಯ್ದಳು. ಮರಿಯ ಬಾಯಿ ತೆರೆದಿತ್ತು. ಆ ಬಾಯೊಳಗೆ ತಾಯಿಯ ಒಂದು ಉಗುರಿನ ತುದಿ ಇತ್ತು. ಸಿಂಹಿಣಿಯ ಹಾಲು ಪಂಜದಲ್ಲಿರುತ್ತದೆ ಎಂದು ನಮ್ಮ ಹಿಂದಿನವರು ನಂಬಿದ್ದರು ಎಂದಳು. ಇಲ್ಲಿ ಸಿಂಹಗಳೇ ಇರಲಿಲ್ಲ, ನಿಮ್ಮ ಕಡೆಯಿಂದ ಬಂದ ಭಿಕ್ಷುಗಳು ಹೇಳಿದ್ದನ್ನು ಕೇಳಿ ಮಾಡಿದರು, ತಪ್ಪಿದ್ದರೆ ನಗಬೇಡಿ. ಅವಳು ಕೊಲ್ಲುತ್ತಿಲ್ಲ. ಹಾಲು ಕುಡಿಸುತ್ತಿದ್ದಾಳೆ.

ನಾನು ನಗಲಿಲ್ಲ. ಆ ಅಂಗಡಿಯ ಸಣ್ಣ ಮಣೆಯ ಮೇಲೆ ಕುಳಿತು ಅತ್ತುಬಿಟ್ಟೆ. ಯಾಕೆಂದು ಗೊತ್ತಿಲ್ಲದ ಅಜ್ಜಿ ಒಂದು ಲೋಟ ಬಿಸಿನೀರು ಕೊಟ್ಟಳು, ಅದನ್ನು ಕುಡಿದೆ, ಒಳ್ಳೆಯದಾಗಿಯೇ ಇತ್ತು.

ಅಲ್ಲಿಂದಲೇ ಅವ್ವನಿಗೆ ವಿಡಿಯೋ ಕರೆ ಮಾಡಿದೆ. ಅವ್ವ ಫೋನ್ ಹಿಡಿಯುವ ರೀತಿ ಹೇಗೆಂದರೆ, ಅವಳ ಮುಖ ಎಂದೂ ಕಾಣುವುದಿಲ್ಲ. ಜೇವರ್ಗಿ ಕಾಲೋನಿಯ ನಮ್ಮ ಫ್ಯಾನು ತಿರುಗುವುದು ಕಾಣುತ್ತದೆ.

"ಬಿಟ್ಟಿಯೇನು ಅದಕ್ಕ?" ಎಂದಿತು ಫ್ಯಾನು.

"ಅವ್ವ, ಅದು ಮರಿಗಿ ತುಳೀತಿಲ್ಲ. ಹಾಲು ಕುಡಿಸಾಕತ್ತದ."

"ಕಾಲಾಗಿಂದ ಹಾಲು ಬರ್ತದೇನು ಹುಚ್ಚಿ?"

"ಇವರ ಸಿಂಹಕ್ಕ ಬರ್ತದಂತ. ಮರಿ ಬಾಯಾಗ ಉಗುರು ಅದ, ನಾ ಕೈ ಹಚ್ಚಿ ನೋಡೀನಿ."

ಫ್ಯಾನು ಬಹಳ ಹೊತ್ತು ತಿರುಗಿತು. ಕರೆ ಕಡಿದು ಹೋಯಿತೋ ಎಂದು ನಾನು ಫೋನ್ ಅಲುಗಿಸಿದೆ.

"ಚೀಲದಾಗ ಮೆತ್ತಗ ಇಡು," ಎಂದಳು ಅವ್ವ ಕೊನೆಗೆ. "ಸೀರಿ ಎರಡು ಸುತ್ತು ಜಾಸ್ತಿ ಸುತ್ತು. ಕೆಳಗ ಗಿಳಗ ಬಿಟ್ಟೀ."

ಕಮಲಾಪುರ

ಬಂದ ಮೊದಲ ಭಾನುವಾರವೇ ಅವ್ವ ಸಿಂಹವನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು. ಒಂದು ತಾಸೂ ಹಿಡಿಯದ ದಾರಿ, ಅವ್ವ ತುಳಿಯದೆ ನಲವತ್ತು ವರ್ಷವಾಗಿತ್ತು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು. "ಗಂಡ ಹೆಂಡ್ತಿ ಅಂತ ಗೊತ್ತಾದ ಮ್ಯಾಲ ಬ್ಯಾರೆ ಇಡ್ಲಾಕ ಆಗ್ತದೇನು? ಕೂಡಿಸಿ ಬರೋಣು. ಆದ್ರ ಅವರ ಕೂಡ ಮಾತಿಲ್ಲ ನಂದು, ಹೇಳಿರ್ತೀನಿ."

ಕಮಲಾಪುರದ ಕೆಂಪು ಬಾಳೆ ಹೆಸರಾದದ್ದು. ದೊಡ್ಡಪ್ಪನದೂ ಅದೇ ಬೆಳೆ. ಚೆಂಡಿನ ಸಿಂಹ ಅಂಗಳದಲ್ಲಿ ಬಾಳೆಗೊನೆ ಹಣ್ಣಿಗಿಡುವ ಕೋಣೆಯ ಬಾಗಿಲಿಗೆ ಒತ್ತುಕೊಟ್ಟು ಕುಳಿತಿತ್ತು. ಹೊರಗಿನ ಲೋಕ ಕಾಯುವ ಗಂಡಿಗೆ ನಮ್ಮ ಮನೆತನ ಕೊಟ್ಟ ಹುದ್ದೆ ಇದು. ನಲವತ್ತು ವರ್ಷ ಅದಕ್ಕೆ ಯಾರೂ ನೀರು ಸೋಕಿಸಿರಲಿಲ್ಲ. ಮೈಯೆಲ್ಲ ಕಪ್ಪುಗಂದು, ಹಳೆಯ ಬೆಲ್ಲದ ಬಣ್ಣ. ನನಗೆ ಫೋಶಾನಿನ ಅಜ್ಜಿ ನೆನಪಾದಳು. ಅವಳು ನೋಡಿದ್ದರೆ ಕೈಮುಗಿಯುತ್ತಿದ್ದಳು.

ದೊಡ್ಡಪ್ಪ ಎದ್ದು ನಿಂತ. ಎಂಬತ್ತೆರಡರ ದೇಹ, ಧೋತರದ ಚುಂಗು ಕೈಯಲ್ಲಿ. "ಬರ್ರಿ" ಎಂದಷ್ಟೇ ಹೇಳಿ ಅವ್ವನ ಮಡಿಲನ್ನು ನೋಡಿದ. ಅವನ ಸೊಸೆ ತಂಬಿಗೆ ನೀರು ತಂದಳು. ಅವ್ವ ತೆಗೆದುಕೊಳ್ಳುವಳೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ. ಅವಳು ಕುಡಿಯಲಿಲ್ಲ, ಆದರೆ ಕೈಯಲ್ಲಿ ಹಿಡಿದುಕೊಂಡಳು.

ನಾನೇ ಎಲ್ಲ ಹೇಳಿದೆ. ಪಂಜ, ಉಗುರು, ಹಾಲು. ದೊಡ್ಡಪ್ಪ ಕೇಳುತ್ತಾ ಹೋದ, ಅವನ ಕಣ್ಣು ಒದ್ದೆಯಾಯಿತು.

"ನಿಮ್ಮಪ್ಪಗ ಅವತ್ತೇ ಗೊತ್ತಾಗಿತ್ತು ನೋಡವ್ವ," ಎಂದ.

"ಏನು ಗೊತ್ತಾಗಿತ್ತು?" ಕೇಳಿದವಳು ನಾನಲ್ಲ. ಅವ್ವ.

ದೊಡ್ಡಪ್ಪ ಅವ್ವನ ಕಡೆ ನೋಡಲಿಲ್ಲ, ನೆಲ ನೋಡುತ್ತಾ ಹೇಳಿದ. "ಪಾಲು ಹಚ್ಚವ ಹಿರಿಯ, ಆರಿಸಿಕೊಳ್ಳವ ಕಿರಿಯ. ನಮ್ಮ ಮನ್ಯಾಗ ಮೊದಲಿಂದ ಹಂಗೇ. ಹೊಲ ಹಂಗೇ ಆತು, ಹಂಡೆ ಹಂಗೇ ಆತು. ಎರಡೂ ಸಿಂಹ ಅವನ ಮುಂದ ಇಟ್ಟೆ. ಅವ ಮರೀದು ಎತ್ತಿಕೊಂಡ. 'ಅಣ್ಣಾ, ಇದರ ಹಂತ್ಯಾಕ ಕೂಸು ಅದ. ನಮ್ಮ ಮನ್ಯಾಗೂ ಕೂಸು ಬರೂದದ, ಇದು ನನಗಿರ್ಲಿ' ಅಂದ."

ಅವ್ವ ತಂಬಿಗೆಯನ್ನು ಪಕ್ಕಕ್ಕಿಟ್ಟಳು.

"ನೀವು ಕೊಟ್ಟಿದ್ದು ಅಂತ ಅವರು ಹೇಳಿದ್ರು ನನಗ," ಎಂದಳು ಅವ್ವ.

"ಹೇಳಿದ್ದ. ಕೂಸು ಹೋದ ಮ್ಯಾಲ ನನ್ನ ಹಂತ್ಯಾಕ ಬಂದು ಅತ್ತ. 'ನಾನೇ ಆರಿಸೀನಿ ಅಂತ ಗೊತ್ತಾದ್ರ ಆಕಿ ನನ್ನ ಮಾರಿ ನೋಡಲ್ಲ ಅಣ್ಣಾ' ಅಂದ. ಇರ್ಲಿ ಬಿಡು, ನನ್ನ ಹೆಸರೇ ಇರ್ಲಿ ಅಂದೆ. ನೀನು ಅವನ ಕೂಡ ಬಾಳೇ ಮಾಡಬೇಕಾಗಿತ್ತಲ್ಲವ್ವ. ನಾ ಏನು, ದೂರ ಕಮಲಾಪುರದಾಗ ಇರವ."

ಅವ್ವ ತಂಬಿಗೆ ಎತ್ತಿ ನೀರು ಕುಡಿದಳು. ನಿಲ್ಲಿಸದೆ, ಪೂರ್ತಿ. ನಲವತ್ತು ವರ್ಷ ತಪ್ಪು ಮನುಷ್ಯನ ಮೇಲೆ ಸಿಟ್ಟು ಹೊತ್ತವಳಿಗೆ, ಸರಿಯಾದವನ ಮೇಲೆ ಸಿಟ್ಟಾಗಲು ಅವನೇ ಉಳಿದಿರಲಿಲ್ಲ. ನನಗೆ ಅಪ್ಪನ ಮೇಲೆ ಒಂದು ಕ್ಷಣ ಕೋಪ ಬಂತು, ಮರುಕ್ಷಣ ಅಯ್ಯೋ ಅನಿಸಿತು. ಆ ಮರಿ ಬದುಕಿದೆ ಎಂದು ಮೊದಲ ನೋಟಕ್ಕೇ ಗುರುತಿಸಿದವನು ಅವನೊಬ್ಬನೇ.

ಅವ್ವ ಎದ್ದಳು. ತನ್ನ ಸಿಂಹವನ್ನು ಕೋಣೆಯ ಬಾಗಿಲಿನ ಇನ್ನೊಂದು ಬದಿಗೆ ಇಟ್ಟಳು. ಒಂದು ಹೆಜ್ಜೆ ಹಿಂದೆ ಸರಿದು ಜೋಡಿಯನ್ನು ನೋಡಿದಳು. ಹೆಂಡತಿ ಬಂಗಾರದ ಹಾಗೆ ಹೊಳೆಯುತ್ತಿದ್ದಳು, ಗಂಡ ಬೂದಿಗುಂಡಿಯಿಂದ ಎದ್ದು ಬಂದವನ ಹಾಗಿದ್ದ. ಅವ್ವ ಸೆರಗಿನಿಂದ ಅದರ ತಲೆ ಒರೆಸಿದಳು. ಉಗುರಿನಿಂದ ಕೆರೆದಳು. ಅವಳ ಮುಖದಲ್ಲಿ ನನಗೆ ಬಹಳ ಪರಿಚಯವಿದ್ದ ಒಂದು ಬಗೆಯ ಕಳೆ ಬಂತು.

"ಏನು ಭಾವಾರ, ಇದಕ್ಕ ಇಷ್ಟು ಕರ್ರಗ ಮಾಡಿಟ್ಟೀರಿ? ನಿಮ್ಮ ಮನ್ಯಾಗ ಹುಣಸಿಹಣ್ಣು ಇಲ್ಲೇನು?"

ನಲವತ್ತು ವರ್ಷದ ನಂತರ ಆತನೊಂದಿಗೆ ಅವಳು ಜಗಳ ತೆಗೆದದ್ದು ಹೀಗೆ. ದೊಡ್ಡಪ್ಪ ನಗುತ್ತಾ, ಅಳುತ್ತಾ, "ಅದ ಅದ, ಬೇಕಾದಷ್ಟು ಅದ," ಎಂದು ಸೊಸೆಯನ್ನು ಕೂಗಿದ.

"ಅವ್ವ," ಎಂದೆ ನಾನು. ಫೋಶಾನಿನ ಅಜ್ಜಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನನ್ನ ಕಣ್ಣ ಮುಂದೆ ನಿಂತಿದ್ದಳು. ಅವಳಿಗೆ ಕೊಟ್ಟ ಮಾತೂ ನೆನಪಿತ್ತು.

ಅವ್ವ ಆಗಲೇ ಸೀರೆ ಎತ್ತಿ ಕಟ್ಟಿ ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. "ಏನು?"

"ಏನಿಲ್ಲ," ಎಂದೆ. "ಉಪ್ಪು ಎಷ್ಟು ತರ್ಲಿ?"